ಗಾಡಿ ಮಾರುವವರು ಗ್ಯಾಸ್ ಎಲ್ಲಿ ಸಿಗುತ್ತೆ ಅಂತ ಯಾಕೆ ಹೇಳಲ್ಲ?

ಇವತ್ತು ಬೆಳಿಗ್ಗೆ ಕಾಲೇಜಿಗೆ ಹೊರಟಿದ್ದ ಆಟೋ ಶಿವಮೊಗ್ಗದ ಹೊರಗಿನ ಒಂದು ಸಿಎನ್‌ಜಿ ಬಂಕ್ ಮುಂದೆ ನಿಂತಿತು. ಮಳೆ ಜಿಟಿಜಿಟಿ ಹಿಡಿದಿತ್ತು. ಆಟೋಗಳದ್ದೊಂದು ಸಾಲು, ಕಾರುಗಳದ್ದೊಂದು ಸಾಲು, ಎರಡೂ ರಸ್ತೆಗೆ ಬಂದುಬಿಟ್ಟಿದ್ದವು. ರಾತ್ರಿ ಬರಬೇಕಿದ್ದ ಗ್ಯಾಸ್ ಲಾರಿ ಬಂದಿರಲಿಲ್ಲ. ಉಳಿದಿದ್ದ ಗ್ಯಾಸನ್ನೇ ಹಂಚುತ್ತಿದ್ದರು.

ನಮಗಿಂತ ಮುಂದೆ ಹಳ್ಳಿ ಕಡೆಯಿಂದ ಬಂದ ಆಟೋ ಇತ್ತು. ಗ್ಯಾಸ್ ತುಂಬುವಾಗ ಒಳಗೆ ಯಾರೂ ಕೂರಬಾರದು ಅನ್ನುವುದು ನಿಯಮ, ಸರಿಯಾದ ನಿಯಮ. ಹಾಗಾಗಿ ಮೆಗ್ಗಾನ್ ಆಸ್ಪತ್ರೆಗೆ ಹೊರಟಿದ್ದ ಅಜ್ಜಿ ಮೊಮ್ಮಗನ ಜೊತೆ ಇಳಿದು ನಿಂತರು. ಎಕ್ಸ್‌ರೇ ಕವರ್ ನೆನೆಯದ ಹಾಗೆ ಸೆರಗಿನಲ್ಲಿ ಸುತ್ತಿಕೊಂಡಿದ್ದರು. ಬಂಕಿನ ಹುಡುಗ ನಾಜಲ್ ಸಿಕ್ಕಿಸಿ ವಾಲ್ವ್ ತಿರುಗಿಸಿದ. ಬುಸ್ ಅಂತ ಸದ್ದು. ಮೀಟರಿನಲ್ಲಿ 1 ಕೆಜಿ ಬೇಗ ದಾಟಿತು. 1.5 ಆದಮೇಲೆ ಅಂಕಿ ತೆವಳತೊಡಗಿತು. 2.2ಕ್ಕೆ ನಿಂತೇ ಹೋಯಿತು.

"ಅಷ್ಟೇ ಅಣ್ಣ, ಪ್ರೆಶರ್ ಇಲ್ಲ. ಇನ್ನು ಹತ್ತಲ್ಲ."

"ಒಂದು ಗಂಟೆಯಿಂದ ನಿಂತಿದೀನಿ ಮಾರಾಯ. ಇಷ್ಟು ಇಟ್ಕೊಂಡು ಇವರನ್ನ ಬಿಟ್ಟು ವಾಪಸ್ ಊರಿಗೆ ಹೆಂಗೆ ಹೋಗ್ಲಿ?"

ಹುಡುಗ ಏನು ಹೇಳಿಯಾನು? ಅವನ ತಪ್ಪಲ್ಲ. ನನ್ನ ಆಟೋದವನು ತಿರುಗಿ, "ಅಕ್ಕಾ, ನೀವು ಬೇರೆ ಗಾಡಿ ಹತ್ತಿ, ಕಾಲೇಜಿಗೆ ಲೇಟಾಗುತ್ತೆ" ಅಂದ. ಅಪ್ಪನ ಸ್ಟ್ಯಾಂಡಿನ ಹುಡುಗ ಅವನು. ಬೆಳಗಿನ ಸ್ಕೂಲ್ ಮಕ್ಕಳ ಟ್ರಿಪ್ ಹೋಯಿತು, ನನ್ನ ಬಾಡಿಗೆಯೂ ಹೋಯಿತು. ಆ ಸಿಟ್ಟು ಸಂಜೆಯಾದರೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನನ್ನು ಬಲ್ಲವರಿಗೆ ಗೊತ್ತು, ಅಪ್ಪ ಆಟೋ ಓಡಿಸಿಯೇ ನಮ್ಮನ್ನು ಓದಿಸಿದ್ದು. ಈಗ ನಾನು ಡಿಪ್ಲೊಮಾ ಮಕ್ಕಳಿಗೆ ಎಂಜಿನ್ ಪಾಠ ಮಾಡುತ್ತೇನೆ. ಸಿಎನ್‌ಜಿ ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳಿಲ್ಲ, ಹೇಳುವುದೂ ಇಲ್ಲ. ಅಪ್ಪನದು ಟೂ ಸ್ಟ್ರೋಕ್ ಗಾಡಿ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುತ್ತಿದ್ದರು. ಗಾಂಧಿ ಬಜಾರಿನಲ್ಲಿ ಟ್ರಾಫಿಕ್ ನಿಂತರೆ ಆ ನೀಲಿ ಹೊಗೆ ಮುಂದಿನ ಗಾಡಿಯಿಂದ ಹಿಂದಿನವನ ಮುಖಕ್ಕೆ. ಕೊನೆಗಾಲದಲ್ಲಿ ಅಪ್ಪ ರಾತ್ರಿಯಿಡೀ ಕೆಮ್ಮುತ್ತಿದ್ದರು. ಬೀಡಿ ಸೇದಿದವರಲ್ಲ. ಈ ಮಾತನ್ನು ಇಲ್ಲಿ ಬರೆಯುವುದು ಬೇಡ ಅಂದುಕೊಂಡಿದ್ದೆ, ಆದರೆ ಬರೆಯದೆ ಈ ವಿಷಯ ಪೂರ್ತಿ ಆಗಲ್ಲ. ಸಿಎನ್‌ಜಿ ಅಂದರೆ ಒತ್ತಿ ತುಂಬಿದ ನೈಸರ್ಗಿಕ ಅನಿಲ, ಅದರಲ್ಲಿ ಬಹುಪಾಲು ಇರುವುದು ಮೀಥೇನ್. ಉರಿದರೆ ಡೀಸೆಲ್ ಥರ ಮಸಿ ಬರುವುದಿಲ್ಲ. ಇಂಗಾಲದ ಡೈಆಕ್ಸೈಡ್ ಕೂಡ ಪೆಟ್ರೋಲಿಗಿಂತ ಸುಮಾರು ಕಾಲು ಭಾಗ ಕಡಿಮೆ. ಲೀಟರ್ ಪೆಟ್ರೋಲಿಗಿಂತ ಒಂದು ಕೆಜಿ ಗ್ಯಾಸಿನಲ್ಲಿ ಜಾಸ್ತಿ ದೂರ ಹೋಗಬಹುದು, ಬೆಲೆಯೂ ಕಡಿಮೆ. ದಿನಕ್ಕೆ ನೂರು ಕಿಲೋಮೀಟರ್ ಓಡುವವನಿಗೆ ಅದು ಮಕ್ಕಳ ಫೀಸು.

ಗ್ಯಾಸ್ ಅಂದ ಕೂಡಲೇ ಹೆದರುವವರಿದ್ದಾರೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ಮೀಥೇನ್ ಹಗುರ, ಬಯಲಿನಲ್ಲಿ ಸೋರಿದರೆ ಮೇಲಕ್ಕೆ ಹೋಗಿ ಚೆದುರುತ್ತದೆ. ತಾನಾಗಿ ಹೊತ್ತಿಕೊಳ್ಳಬೇಕಾದರೆ 500 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. ಹೆದರಬೇಕಾದ್ದು ಒತ್ತಡಕ್ಕೆ. ಸಿಲಿಂಡರಿನೊಳಗೆ ಸುಮಾರು 200 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು ಇರುತ್ತದೆ. ಅದಕ್ಕೇ 3 ವರ್ಷಕ್ಕೊಮ್ಮೆ ಬಿಚ್ಚಿ ನೀರಿನ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಬೇಕು ಅಂತ ನಿಯಮ ಇರುವುದು. ನಮ್ಮ ಮಳೆಗೆ ಗೇಟಿನ ಚಿಲಕವೇ ತುಕ್ಕು ಹಿಡಿಯುತ್ತೆ, ಸಿಲಿಂಡರ್ ಬಿಡುತ್ತಾ? ದಯವಿಟ್ಟು ಆ ಪರೀಕ್ಷೆ ತಪ್ಪಿಸಬೇಡಿ. ಖರ್ಚು ಉಳಿಸಲು ಸಿಕ್ಕ ಕಡೆ ಹಳೇ ಸಿಲಿಂಡರ್ ಕೂರಿಸಿಕೊಳ್ಳಲೂಬೇಡಿ.

ಇಷ್ಟೆಲ್ಲ ಒಳ್ಳೆಯದಿದ್ದರೂ ನನ್ನ ಸಿಟ್ಟು ಯಾಕೆ ಅಂದರೆ, ಗಾಡಿ ಮಾರುವಾಗ ಈ ಬೆಳಗಿನ ಸಾಲಿನ ಬಗ್ಗೆ ಯಾರೂ ಬಾಯಿ ಬಿಡಲ್ಲ. ಕೆಜಿಗೆ ಎಷ್ಟು ಮೈಲೇಜ್, ತಿಂಗಳಿಗೆ ಎಷ್ಟು ಉಳಿತಾಯ, ಕಂತು ಎಷ್ಟು, ಎಲ್ಲ ಚೀಟಿಯಲ್ಲಿ ಬರೆದು ತೋರಿಸುತ್ತಾರೆ. ಸಾಲಿನಲ್ಲಿ ನಿಂತ ಹೊತ್ತಿಗೆ ಆ ಚೀಟಿಯಲ್ಲಿ ಜಾಗವೇ ಇಲ್ಲ.

ಪ್ರೆಶರ್ ಇಲ್ಲ ಅಂದರೆ ಏನು ಅಂತ ಹೇಳುತ್ತೇನೆ. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಗ್ಯಾಸ್ ಪೈಪ್ 2013ರಲ್ಲೇ ಬಂದಿದೆ. ಅದು ದಾವಣಗೆರೆ, ಚಿತ್ರದುರ್ಗ, ತುಮಕೂರು ಅಂತ ಬಯಲುಸೀಮೆಯಲ್ಲಿ ಹೋಗುತ್ತದೆ. ಪೈಪಿಗೆ ಕೂಡಿದ ಬಂಕಿನಲ್ಲಿ ಗ್ಯಾಸನ್ನು ಒತ್ತುವ ಕಂಪ್ರೆಸರ್ ಇದ್ದರೆ ಗ್ಯಾಸಿಗೆ ಬರವಿಲ್ಲ. ಪೈಪ್ ಇಲ್ಲದ ಬಂಕಿಗೆ ಸಿಲಿಂಡರುಗಳ ಗೊಂಚಲು ಹೊತ್ತ ಲಾರಿಯೇ ಗತಿ. ಗ್ಯಾಸ್ ಜಾಸ್ತಿ ಒತ್ತಡದಿಂದ ಕಡಿಮೆ ಒತ್ತಡಕ್ಕೆ ಹರಿಯುತ್ತದೆ, ಅಷ್ಟೇ. ಓವರ್‌ಹೆಡ್ ಟ್ಯಾಂಕಿನಲ್ಲಿ ನೀರು ಇಳಿದ ಹಾಗೆ ನಲ್ಲಿ ಸಣ್ಣಗಾಗುತ್ತದಲ್ಲ, ಹಾಗೆ. ಮೊದಲು ಬಂದ ಗಾಡಿಗೆ 200 ಬಾರ್ ಹತ್ತುತ್ತದೆ. ಆಮೇಲಿನವರಿಗೆ 150, ಕೊನೆಯವರಿಗೆ 120. ಬಂಕಿನಲ್ಲಿ ಗ್ಯಾಸ್ ಇದ್ದರೂ ನಿಮ್ಮ ಗಾಡಿಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ, ಅಷ್ಟೇ. ಮತ್ತೆ ಮಧ್ಯಾಹ್ನ ಬಂದು ಅದೇ ಸಾಲಿನಲ್ಲಿ ನಿಲ್ಲಬೇಕು. ಇಳಿದ ಒತ್ತಡವನ್ನು ಮತ್ತೆ ಏರಿಸುವ ಬೂಸ್ಟರ್ ಕಂಪ್ರೆಸರ್ ಹಾಕಿದರೆ ಇದು ಸರಿಹೋಗುತ್ತೆ. ಅದಕ್ಕೆ ಕರೆಂಟ್ ಬೇಕು. ಜೂನ್, ಜುಲೈನಲ್ಲಿ ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಹೇಳಬೇಕಾ? ಜೊತೆಗೆ ರಸ್ತೆಗೆ ಒಂದು ಮರ ಬಿದ್ದರೆ ಲಾರಿಯೂ ಬರಲ್ಲ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಟ್ಯಾಕ್ಸಿ ಓಡಿಸುವವರದು ಇನ್ನೊಂದು ಪಾಡು. ಗ್ಯಾಸ್ ಎಂಜಿನ್ನಿಗೆ ಹೋಗುವಾಗ ಗಾಳಿಯ ಜಾಗ ತಿನ್ನುತ್ತದೆ, ಹಾಗಾಗಿ ಪೆಟ್ರೋಲಿಗಿಂತ ಪಿಕಪ್ ಸ್ವಲ್ಪ ಕಡಿಮೆ. ಶಿವಮೊಗ್ಗದ ಸಪಾಟು ರಸ್ತೆಯಲ್ಲಿ ಗೊತ್ತೇ ಆಗಲ್ಲ. ಆಗುಂಬೆ ಘಾಟಿಯ 14 ತಿರುವನ್ನು ಜನ ತುಂಬಿಕೊಂಡು ಕೆಳಗಿನಿಂದ ಹತ್ತಿಸಿ ನೋಡಿ. ಹುಲಿಕಲ್ ಘಾಟಿಯಲ್ಲೂ ಅಷ್ಟೇ, ಚಾಲಕರು ಸ್ವಿಚ್ ಒತ್ತಿ ಪೆಟ್ರೋಲಿಗೆ ಬರುತ್ತಾರೆ. ಅಲ್ಲಿಗೆ ಉಳಿತಾಯದ ಲೆಕ್ಕ ಮುಗಿಯಿತು. ಇನ್ನು ಡಿಕ್ಕಿ ತುಂಬ ಸಿಲಿಂಡರ್. ಅಡಿಕೆ ಚೀಲ ಎಲ್ಲಿಡಬೇಕು? ಧರ್ಮಸ್ಥಳಕ್ಕೆ ಹೊರಟ ಮನೆಯವರ ಬ್ಯಾಗ್ ಎಲ್ಲಿಡಬೇಕು? ಒಂದು ದೊಡ್ಡ ಸಿಲಿಂಡರ್ ಬದಲು ಎರಡು ಸಣ್ಣ ಸಿಲಿಂಡರ್ ಕೆಳಗೆ ಕೂರಿಸಿದ ಕಾರುಗಳು ಈಗ ಬಂದಿವೆ. ಒಳ್ಳೆಯ ಕೆಲಸ. ಹಳೆಯ ಗಾಡಿ ಸಾಲದಲ್ಲಿ ತಗೊಂಡವನಿಗೆ ಅದರಿಂದೇನು?

"ಹೊಸದು ಬಂದಾಗ ಹೀಗೇ, ಸ್ವಲ್ಪ ಕಾಯಬೇಕು" ಅಂತ ಸ್ಟಾಫ್ ರೂಮಿನಲ್ಲಿ ಒಬ್ಬರು ಹೇಳಿದರು. ಈ ಮಾತು ಕೇಳಿದರೆ ಮೈ ಉರಿಯುತ್ತೆ. ದೆಹಲಿಯ ಬಸ್ಸುಗಳು ಸಿಎನ್‌ಜಿಗೆ ಬರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1998ರಲ್ಲಿ. 2001, 2002ರಲ್ಲಿ ಅಲ್ಲಿನ ಆಟೋದವರು ಗ್ಯಾಸಿಗಾಗಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತಿದ್ದರು. ಬಂಕ್ ಮೊದಲು, ಗಾಡಿ ಆಮೇಲೆ ಅನ್ನುವುದು ಆಗಲೇ ಇಡೀ ದೇಶಕ್ಕೆ ಗೊತ್ತಾಗಿತ್ತು. ಇಷ್ಟು ವರ್ಷವಾದ ಮೇಲೂ ಅದೇ ಸಾಲಿನಲ್ಲಿ ನಮ್ಮ ಹುಡುಗರು ನಿಲ್ಲಬೇಕು ಅಂದರೆ ಅದನ್ನು ಹೊಸದು ಅನ್ನುತ್ತಾರಾ? ಕಾಯಿರಿ ಅನ್ನುವವರ ಸಂಬಳ ತಿಂಗಳ ಮೊದಲ ವಾರ ಬರುತ್ತೆ, ನನಗೂ ಬರುತ್ತೆ. ಕಾಯುವವನ ಬಾಡಿಗೆ ಕಾದಷ್ಟು ಹೊತ್ತು ಹೋಗುತ್ತೆ. ಬ್ಯಾಂಕಿನ ಕಂತು ಕಾಯಲ್ಲ.

ಎಲೆಕ್ಟ್ರಿಕ್ ತಗೊಳ್ಳಲಿ ಅನ್ನುವವರೂ ಇದ್ದಾರೆ. ಪೇಟೆಯೊಳಗೆ ಓಡುವವರಿಗೆ ಸರಿ, ನಾನೂ ಹೇಳುತ್ತೇನೆ. ಆದರೆ ಈಗಾಗಲೇ ಗ್ಯಾಸ್ ಗಾಡಿಗೆ ಸಾಲ ಮಾಡಿದವನಿಗೆ ಅದು ಉತ್ತರವಲ್ಲ.

ನನಗೆ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ನಮ್ಮ ದೇಶ ಬಳಸುವ ನೈಸರ್ಗಿಕ ಅನಿಲದಲ್ಲಿ ಹೆಚ್ಚು ಕಡಿಮೆ ಅರ್ಧ ಹೊರಗಿನಿಂದ ಬರುತ್ತದೆ. ಮೈನಸ್ 162 ಡಿಗ್ರಿಗೆ ತಣ್ಣಗೆ ಮಾಡಿ, ದ್ರವ ಮಾಡಿ, ಹಡಗಿನಲ್ಲಿ ತರುತ್ತಾರೆ. ಇತ್ತ ಮಲೆನಾಡಿನ ಎಷ್ಟೋ ಮನೆಗಳ ಹಿಂದೆ ಗೋಬರ್ ಗ್ಯಾಸ್ ಗುಂಡಿ ಇತ್ತು. ಅದೂ ಮೀಥೇನೇ. ಶುದ್ಧ ಮಾಡಿ ಒತ್ತಿ ತುಂಬಿದರೆ ಇದೇ ಗಾಡಿಗಳು ಓಡುತ್ತವೆ. ಇಂಥ ಜೈವಿಕ ಅನಿಲವನ್ನು ಗಾಡಿಗೆ ಬಳಸಲು ಕೇಂದ್ರ ಸರ್ಕಾರ 2018ರಲ್ಲೇ ಸತತ್ ಅನ್ನುವ ಯೋಜನೆ ಶುರು ಮಾಡಿತು. 2028-29ರ ಹೊತ್ತಿಗೆ ಸಿಎನ್‌ಜಿಯಲ್ಲಿ 5% ಜೈವಿಕ ಅನಿಲ ಬೆರೆಸಬೇಕು ಅಂತಲೂ ಹೇಳಿದೆ. ಉರಿಯದೆ ಗಾಳಿಗೆ ಸೇರಿದ ಮೀಥೇನ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ, ನೂರು ವರ್ಷದ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜೋರು. ಅಂದರೆ ಪೈಪಿನಲ್ಲಿ, ಬಂಕಿನಲ್ಲಿ ಸೋರಿದಷ್ಟೂ ಹಾನಿ. ಕೊಳೆಯುವ ಸಗಣಿ, ಮಾರ್ಕೆಟ್ಟಿನ ತರಕಾರಿ ಕಸದಿಂದ ಬರುವ ಮೀಥೇನನ್ನು ಹಿಡಿದು ಉರಿಸಿದಷ್ಟೂ ಲಾಭ. ಪೈಪ್ ಬರುವ ತನಕ ಶಿವಮೊಗ್ಗದ ಕಸವೇ ಒಂದಿಷ್ಟು ಆಟೋ ಓಡಿಸಬಹುದಿತ್ತು.

ಸ್ಟ್ಯಾಂಡಿನವರೆಲ್ಲ ಸೇರಿ ಸೋಮವಾರ ಜಿಲ್ಲಾಧಿಕಾರಿ ಕಚೇರಿಗೆ ಮನವಿ ಕೊಡುತ್ತಿದ್ದಾರೆ. ಬರೆದುಕೊಡಲು ನನಗೆ ಹೇಳಿದ್ದಾರೆ. ಲಾರಿ ಬರುವ ಹೊತ್ತು, ಈಗಿರುವ ಪ್ರೆಶರ್ ಎರಡನ್ನೂ ಬಂಕಿನ ಮುಂದೆ ಬೋರ್ಡಿನಲ್ಲಿ ಹಾಕಬೇಕು. ಬೆಳಿಗ್ಗೆ ಆಟೋಗಳಿಗೆ ಬೇರೆ ಸಾಲು ಬೇಕು. ಬೂಸ್ಟರಿಗೆ ಜನರೇಟರ್ ಬೇಕು. ಘಟ್ಟದ ತಾಲ್ಲೂಕುಗಳಲ್ಲಿ ಬಂಕ್ ಎಷ್ಟು ದೂರ ಅಂತ ಗಾಡಿ ಮಾರುವವರು ಚೀಟಿಯಲ್ಲೇ ಬರೆದುಕೊಡಬೇಕು. ಬೇರೇನಾದರೂ ಸೇರಿಸಬೇಕು ಅನ್ನಿಸಿದರೆ ಭಾನುವಾರ ರಾತ್ರಿಯೊಳಗೆ ನನಗೆ ಫೋನ್ ಮಾಡಿ.