ಮೆಣಸಿನಕಾಯಿ ಒಣಗಿದೆಯಾ, ಫೋಟೋ ಬಂತಾ?

ಚೀನಾದ ಜಿಯಾಂಗ್‌ಶಿ ಪ್ರಾಂತ್ಯದ ಹುವಾಂಗ್‌ಲಿಂಗ್ ಗುಡ್ಡದ ಇಳಿಜಾರಿಗೆ ಅಂಟಿಕೊಂಡಿರೋ ಹಳ್ಳಿ. ಕಾಳುಕಡ್ಡಿ ಹರಡೋಕೆ ಸಮತಟ್ಟಾದ ಅಂಗಳವಿಲ್ಲ. ಅದಕ್ಕೇ ಮಹಡಿಯ ಕಿಟಕಿಯಿಂದ ಗಳು ಚಾಚಿ, ಮೇಲೆ ದುಂಡನೆಯ ಬಿದಿರು ತಟ್ಟೆಗಳನ್ನಿಟ್ಟು ಮೆಣಸಿನಕಾಯಿ, ಜೋಳ, ಸೇವಂತಿಗೆ ಒಣಗಿಸ್ತಾರೆ. ಹೆಸರು ‘ಶಾಯ್‌ಛಿಯು’, ಶರತ್ಕಾಲವನ್ನೇ ಬಿಸಿಲಿಗೆ ಹಾಕೋದು.

ಅಲ್ಲಿಗೆ ಬರೋ ಚೀನೀ ಪ್ರವಾಸಿಗರಲ್ಲಿ ಅರವತ್ತು ದಾಟಿದ ಹಲವರು ಮಾವೋ ಕಾಲದಲ್ಲಿ ಪಟ್ಟಣದಿಂದ ಹೊಲಗೆಲಸಕ್ಕೆ ಅಟ್ಟಿಸಿಕೊಂಡ ತಲೆಮಾರಿನವರು (1968ರ ಕೊನೆಯಿಂದ ಅದು ಜೋರಾಯಿತು). ಅವರ ಕೈ ನೇರ ತಟ್ಟೆಗೇ ಹೋಗುತ್ತೆ: ಕಾಯಿ ಒಣಗಿದೆಯಾ? ಹುಡುಗರಿಗೆ ಬೇಕಾದದ್ದು ಎದುರಿನ ತಾರಸಿಯಿಂದ ಕಾಣೋ ಕೆಂಪು-ಹಳದಿ. ಅದು ಸಂಜೆಯೊಳಗೆ ಫೋಟೋ ಹಂಚೋ ಶಿಯಾವ್‌ಹೊಂಗ್‌ಶು ಆ್ಯಪ್‌ನಲ್ಲಿರಬೇಕು.

ಅಕ್ಟೋಬರ್ ರಜೆಯಲ್ಲಿ ಮೆಣಸಿನಕಾಯಿ, ಕಾಳು ಜೋಡಿಸಿ ರಾಷ್ಟ್ರಧ್ವಜವನ್ನೂ ಮಾಡ್ತಾರೆ. ಬ್ಯಾಡಗಿ ಕಡೆಯವರಿಗೆ ಹೇಳಬೇಕಿಲ್ಲ: ಕಾಯಿ ತೆಳ್ಳಗೆ ಹರಡಬೇಕು, ಆಗಾಗ ಕೈಯಾಡಿಸಬೇಕು. ಕೈಯಾಡಿಸಿದರೆ ಚಿತ್ರ ಕೆಡುತ್ತೆ, ಆಡಿಸದಿದ್ದರೆ ಅಡಿಯ ಕಾಯಿಗೆ ಬೂಸ್ಟು. ‘ಬರೀ ನಾಟಕ’ ಅಂತ ಹಿರಿಯರು ಮೂಗು ಮುರಿಯೋದು ಸುಮ್ಮನೆ ಅಲ್ಲ. ಆದರೆ ಊರಿನವರನ್ನು ಗುಡ್ಡದ ಬುಡದ ಹೊಸ ಮನೆಗಳಿಗೆ ಸಾಗಿಸಿ ಆಗಿದೆ; ತಟ್ಟೆ ಇಡೋ ಹೆಂಗಸರಿಗೆ ಅದೇ ನಾಟಕ ಕೂಲಿ ಕೊಡುತ್ತೆ. ಖಾಲಿ ಹೊಡೆಯುತ್ತಿದ್ದ ಮನೆಗಳು ಬಿದ್ದುಹೋಗೋದಕ್ಕಿಂತ ಇದು ವಾಸಿ ಅನ್ನೋದು ನನ್ನ ಲೆಕ್ಕ.

ಆನ್‌ಹುಯಿ ಪ್ರಾಂತ್ಯದ ಹೊಂಗ್‌ಚುನ್ ಹಳ್ಳಿ (ಹತ್ತಿರದ ಶಿಡಿ ಹಳ್ಳಿಯ ಜೊತೆ 2000ದಲ್ಲಿ ಯುನೆಸ್ಕೋ ಪಟ್ಟಿ ಸೇರಿದ್ದು) ನೋಡಿ. ನಮ್ಮ ತೊಟ್ಟಿ ಮನೆ ಗೊತ್ತಿದ್ದವರಿಗೆ ಅಲ್ಲಿನ ಮನೆ ಅರ್ಧ ಅರ್ಥವಾದ ಹಾಗೇ. ನಾಲ್ಕೂ ಮಾಡಿನ ಮಳೆನೀರು ಒಳಗಿನ ತೊಟ್ಟಿಗೇ ಬೀಳುತ್ತೆ; ಸಂಪತ್ತು ಹೊರಗೆ ಹರಿಯಬಾರದು ಅಂತ ನಂಬಿಕೆ. ಮಾಡಿಗಿಂತ ಎತ್ತರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ‘ಕುದುರೆತಲೆ’ ಗೋಡೆ, ಪಕ್ಕದ ಮನೆಯ ಬೆಂಕಿ ದಾಟದಿರಲಿ ಅಂತ. ಇದನ್ನೆಲ್ಲ ಗೈಡ್ ಹತ್ತಿರ ಕೆದಕಿ ಕೇಳೋದು ಹಿರಿಯರು. ಆದರೆ ಅವರ ಬಸ್ಸು ಬೆಳಗ್ಗೆ ಬಂದು ಸಂಜೆಗೆ ಮುಂಚೆ ಹೊರಡುತ್ತೆ, ಊಟವೂ ಪ್ಯಾಕೇಜಿನಲ್ಲೇ.

ಹುಡುಗಿಯರು ಬಾಡಿಗೆಗೆ ತಂದ ಹಾನ್‌ಫು (ಹಳೇ ಕಾಲದ ಚೀನೀ ಉಡುಗೆ) ಉಟ್ಟು ಅರ್ಧಚಂದ್ರಾಕಾರದ ಕೊಳದಲ್ಲಿ ಬಿಳಿ ಗೋಡೆಗಳ ಪ್ರತಿಬಿಂಬ ಹಿಡೀಬೇಕು. ಗಾಳಿ ಎದ್ದರೆ ಅದು ಚೂರು ಚೂರು, ಗುಂಪು ಬಂದರೆ ದಡದಲ್ಲಿ ಕಾಲಿಡೋಕೆ ಜಾಗವಿಲ್ಲ. ಹಾಗಾಗಿ ಸೂರ್ಯ ಹುಟ್ಟೋ ಹೊತ್ತಿಗೆ ಅಲ್ಲಿರಬೇಕು, ಅಂದರೆ ರಾತ್ರಿ ಉಳೀಬೇಕು. ಆ ರಾತ್ರಿಯಿಂದ ಊರಿಗೂ ದುಡ್ಡು ಬರುತ್ತೆ. ಇನ್ನು ಕಲಾ ಕಾಲೇಜಿನ ಮಕ್ಕಳು! ದಿನಗಟ್ಟಲೆ ಸ್ಟೂಲ್ ಹಾಕ್ಕೊಂಡು ಒಂದೇ ಗೋಡೆ ಬಿಡಿಸ್ತಾರೆ. ‘ಈಗಿನವರಿಗೆ ಸೆಲ್ಫಿ ಒಂದೇ’ ಅನ್ನೋರು ಅವರ ಬೆನ್ನ ಹಿಂದೆ ಹತ್ತು ನಿಮಿಷ ನಿಂತು ನೋಡಲಿ.

ಎಡವಟ್ಟು ಎಲ್ಲಿ ಅಂದರೆ, ಹಳೆ ಮನೆ ‘ಮಿನ್‌ಸು’ ಅಂದರೆ ಹೋಮ್‌ಸ್ಟೇ ಆದಾಗ. ಎಸಿ, ಬೆಚ್ಚನೆ ಬಾತ್‌ರೂಮ್ ಬೇಕು ಅಂತ ತೊಟ್ಟಿಯ ಮೇಲೆ ಗಾಜು ಮುಚ್ಚಿಬಿಡ್ತಾರೆ. ಮಳೆ ಒಳಗೆ ಬರಲ್ಲ, ಬಿಸಿಗಾಳಿ ಹೊರಗೆ ಹೋಗಲ್ಲ, ಸ್ನಾನದ ಹಬೆ ಮರದ ಕಂಬಕ್ಕೆ ಕೂರುತ್ತೆ. ಚೆನ್ನಾಗಿ ಕಾಣಲಿ ಅಂತ ಮಾಡಿದ್ದೇ ಮನೆಯ ಉಸಿರು ಕಟ್ಟಿಸುತ್ತೆ.

ಅಪ್ಪ-ಅಮ್ಮನ ಜೊತೆ ಹೋಗೋರು ಒಂದು ರಾತ್ರಿ ಉಳೀರಿ. ಹಿರಿಯರಿಗೆ ಕೆಳಗಿನ ಕೋಣೆ ಕೇಳಿ, ಮರದ ಮೆಟ್ಟಿಲು ಕಡಿದಾಗಿರುತ್ತೆ. ಹಲಗೆ ಗೋಡೆಯಾದರೆ ಪಕ್ಕದವರ ಗೊರಕೆ ಉಚಿತ. ಬುಕ್ ಮಾಡೋ ಮುಂಚೆ ತೊಟ್ಟಿಯ ಫೋಟೋ ತರಿಸ್ಕೊಳ್ಳಿ, ಮೇಲೆ ಆಕಾಶ ಇದೆಯಾ, ಗಾಜಿದೆಯಾ ಅಂತ.