ಫಿಯಟ್ ಓಡಿಸುವುದಕ್ಕೆ, ಅಂಬಾಸಿಡರ್ ಇಟ್ಟುಕೊಳ್ಳುವುದಕ್ಕೆ

ಘಾಟಿಗೆ ಹೇಳಿ ಮಾಡಿಸಿದ ಕಾರು ಅಂಬಾಸಿಡರ್ ಎಂಬ ಮಾತನ್ನು ನಮ್ಮ ಕಡೆ ಎಲ್ಲರೂ ಆಡುತ್ತಾರೆ. ನಾನು ಒಪ್ಪುವುದಿಲ್ಲ.

ಸೋಮೇಶ್ವರದಿಂದ ಆಗುಂಬೆಗೆ ಹತ್ತಿ ನೋಡಿ. ಹಳೆಯ ಪೆಟ್ರೋಲ್ ಅಂಬಾಸಿಡರ್‌ಗೆ 1489 ಸಿಸಿ ಎಂಜಿನ್, ಪ್ರೀಮಿಯರ್ ಪದ್ಮಿನಿಗೆ (ನಮ್ಮ ಬಾಯಲ್ಲಿ ಇಂದಿಗೂ ಫಿಯಟ್) 1089 ಸಿಸಿ. ಆದರೆ ಫಿಯಟ್‌ನ ತೂಕ 900 ಕಿಲೋ ಆಸುಪಾಸು. ಅಂಬಾಸಿಡರ್ 1,100 ಕಿಲೋ ದಾಟುತ್ತದೆ. ಆ 14 ತಿರುವುಗಳಲ್ಲಿ ಫಿಯಟ್ ಹೇಳಿದ ಕಡೆ ತಿರುಗುತ್ತದೆ. ಅಂಬಾಸಿಡರ್‌ನ ಸ್ಟಿಯರಿಂಗ್ ಎಳೆದು ಎಳೆದು ತೋಳು ಸೋಲುತ್ತದೆ. ಇಳಿಯುವಾಗಲೂ ಅಷ್ಟೇ: ಹಳೆಯ ಮಾದರಿಗಳಲ್ಲಿ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ಜನ ತುಂಬಿದ ಅಂಬಾಸಿಡರ್‌ನಲ್ಲಿ ಅವು ಬೇಗ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತವೆ. ಎರಡನೇ ಗೇರಿನಲ್ಲೇ ಇಳಿಯಬೇಕು. ಡೀಸೆಲ್ ಅಂಬಾಸಿಡರ್ ಹತ್ತುವ ವೇಗದ ಬಗ್ಗೆ ಮಾತು ಬೇಡ, ಹಿಂದೆ ಬರುವ ಬಸ್ಸಿನವರೇ ಹೇಳುತ್ತಾರೆ.

ಹಾಗಿದ್ದೂ ತೀರ್ಥಹಳ್ಳಿಯ ಗೆಳೆಯರೊಬ್ಬರು ಯಾವುದನ್ನು ಕೊಳ್ಳಲಿ ಎಂದು ಕೇಳಿದಾಗ ಅಂಬಾಸಿಡರ್ ಎಂದೆ. ಹಳೆಯ ಕಾರನ್ನು ನಾವು ಓಡಿಸುವುದು ಅಪರೂಪಕ್ಕೆ; ಅದು ವರ್ಷವಿಡೀ ನಿಂತಿರುವುದು ಮಲೆನಾಡಿನ ತೇವದಲ್ಲಿ. ಎರಡಕ್ಕೂ ಪ್ರತ್ಯೇಕ ಚಾಸಿಸ್ (ಕೆಳಗಿನ ಉಕ್ಕಿನ ಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರುತ್ತದೆ. ನೆಲದ ತಗಡಿಗೆ ತುಕ್ಕು ಹಿಡಿದರೆ ಕಾರಿನ ಬೆನ್ನುಮೂಳೆಗೇ ಹಿಡಿದಂತೆ. ಅಂಬಾಸಿಡರ್‌ನ ತಗಡು ದಪ್ಪ, ಟಿಂಕರಿಂಗ್‌ನವನು ವೆಲ್ಡಿಂಗ್ ಮಾಡಲು ಏನಾದರೂ ಉಳಿದಿರುತ್ತದೆ. ಫಿಯಟ್‌ನಲ್ಲಿ ಕಾರ್ಪೆಟ್ ಎತ್ತಿದರೆ ಕೆಲವೊಮ್ಮೆ ಅಂಗಳವೇ ಕಾಣಿಸುತ್ತದೆ.

ಜಡಿಮಳೆಯಲ್ಲಿ, ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪಿನೊಳಗೆ ತೇವ ಕೂತು ಸ್ಟಾರ್ಟ್ ಆಗದ ಕಾಯಿಲೆ ಎರಡೂ ಪೆಟ್ರೋಲ್ ಗಾಡಿಗಳಿಗೆ ಇದೆ. ಬಟ್ಟೆಯಲ್ಲಿ ಒರೆಸಿ, ಅದರೊಳಗಿನ ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್) ಉಜ್ಜಿದರೆ ಮುಗಿಯಿತು. ಡೀಸೆಲ್‌ಗೆ ಕಿಡಿಯೇ ಬೇಡ, ಹಾಗಾಗಿ ಅದರಲ್ಲಿ ಕಿಡಿಗೆ ಕರೆಂಟ್ ಕೊಡುವ ಕಾಯಿಲೂ ಇಲ್ಲ, ಪಾಯಿಂಟೂ ಇಲ್ಲ. ಆಷಾಢದಲ್ಲಿ ಆ ನಿಧಾನದ ಗಾಡಿಯ ಬೆಲೆ ತಿಳಿಯುತ್ತದೆ. ಈಗ ಎಥೆನಾಲ್ ಬೆರೆತ ಪೆಟ್ರೋಲ್ ಬೇರೆ ಬಂದಿದೆ. ಅದು ತೇವ ಹೀರುತ್ತದೆ, ಹಳೆಯ ರಬ್ಬರ್ ಹೋಸ್‌ಗಳನ್ನೂ ಎಂಜಿನ್‌ಗೆ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಮ್ಮನ್ನೂ (ಒಳಗಿನ ತೆಳು ಪೊರೆ) ತಿನ್ನುತ್ತದೆ. ಮಳೆಗಾಲಕ್ಕೆ ಟ್ಯಾಂಕ್ ತುಂಬಿಸಿ ನಿಲ್ಲಿಸುವ ಅಭ್ಯಾಸವನ್ನು ನಾನಂತೂ ಬಿಟ್ಟಿದ್ದೇನೆ.

ಬಿಡಿಭಾಗದ ಮಾತಿಗೆ ಬಂದರೆ, ಅಂಬಾಸಿಡರ್ 2014ರವರೆಗೂ ತಯಾರಾಯಿತು, ಪದ್ಮಿನಿ ಅದಕ್ಕೂ ಹತ್ತಕ್ಕೂ ಹೆಚ್ಚು ವರ್ಷ ಮೊದಲೇ ನಿಂತಿತು. ಆ ಅಂತರ ಗ್ಯಾರೇಜುಗಳಲ್ಲಿ ಗೊತ್ತಾಗುತ್ತದೆ. ಅಂಬಾಸಿಡರ್ ಬಿಚ್ಚಿ ಜೋಡಿಸಿದ ಮೇಸ್ತ್ರಿಗಳು ಶಿವಮೊಗ್ಗದಲ್ಲಿ ಇನ್ನೂ ಸಿಗುತ್ತಾರೆ.

ಇನ್ನೊಂದು ವಿಷಯ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು. ಮೊದಲ ಶುಲ್ಕ 20,000 ರೂಪಾಯಿ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಡಿಕೆ ಮಂಡಿಗೆ ಅದರಲ್ಲೇ ಹೋಗುವ ಆಸೆ ಇದ್ದವರು ಸಾಮಾನ್ಯ ಆರ್‌ಸಿಯನ್ನೇ ನವೀಕರಿಸಿಕೊಳ್ಳಲಿ.

ಇಷ್ಟೆಲ್ಲ ಓದಿಯೂ ಫಿಯಟ್ಟೇ ಬೇಕು ಎನ್ನುವವರು ಬೇಸಿಗೆಯಲ್ಲಿ ನೋಡಿ ಮರುಳಾಗಬೇಡಿ. ಎರಡು ಮಳೆ ಬಿದ್ದ ಮೇಲೆ ಹೋಗಿ, ಕಾರ್ಪೆಟ್ ಎತ್ತಿಸಿ, ಕೈಯಲ್ಲಿ ಒಂದು ಸ್ಕ್ರೂಡ್ರೈವರ್ ಹಿಡಿದು ನೆಲವನ್ನು ಚುಚ್ಚಿ ನೋಡಿ. ಮಾಲೀಕರು ಬೇಡ ಎಂದರೆ ಅಲ್ಲಿಂದಲೇ ವಾಪಸ್ ಬನ್ನಿ.