ಒಂಟಿ ಕೈಯ ಅಂಗಡಿಗೆ ಕಾರ್ಡ್ ಯಂತ್ರ ಬೇಕೇ?

ಪರ

ನಾನು ದಾವಣಗೆರೆಯಲ್ಲಿ ರವಿಕೆ ಹೊಲಿಯುವವಳು. ಅಳತೆ ತೆಗೆಯುವುದೂ ನಾನೇ, ಲೆಕ್ಕ ಬರೆಯುವುದೂ ನಾನೇ. ಮದುವೆಯ ದಿನಗಳಲ್ಲಿ ಕಸೂತಿಯ ನಾಲ್ಕು ರವಿಕೆಗೆ ಎಂಟು ಸಾವಿರ ದಾಟುತ್ತದೆ. ಮಗಳ ಮದುವೆ ಮಾಡುವವರ ಕೈ ಅಷ್ಟು ಹೊತ್ತಿಗೆ ಬರಿದಾಗಿರುತ್ತದೆ. "ಸಂಬಳ ಬಂದ ಮೇಲೆ ಕೊಡುತ್ತೇವೆ" ಎಂದರೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಆ ಬಾಕಿಗಾಗಿ ಪರಿಚಯದವರ ಬಾಗಿಲು ತಟ್ಟುವ ಸಂಕಟ ತಟ್ಟಿದವರಿಗೇ ಗೊತ್ತು. ವಾರಗಟ್ಟಲೆ ಅಲೆದು, ಕೊನೆಗೆ ಅರ್ಧ ಹಣಕ್ಕೆ ಸುಮ್ಮನಾದದ್ದೂ ಉಂಟು. ಕಾರ್ಡ್ ಯಂತ್ರ ತಂದ ಮೇಲೆ ಸಾಲ ಕೊಡುವ ಕೆಲಸ ಬ್ಯಾಂಕಿನದಾಯಿತು. ನನ್ನ ಹಣ ಸಾಮಾನ್ಯವಾಗಿ ಮರುದಿನವೇ ಖಾತೆಯಲ್ಲಿರುತ್ತದೆ.

ಕಾರ್ಡಿನಲ್ಲಿ ಬಂದ ಹಣದಿಂದ ಬ್ಯಾಂಕ್ ಹಿಡಿದುಕೊಳ್ಳುವ ಶುಲ್ಕದ ಮಾತು ಬಂದೇ ಬರುತ್ತದೆ. ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿಯಿಂದ ಶುಲ್ಕವೇ ಇಲ್ಲ. ಬೇರೆ ಡೆಬಿಟ್ ಕಾರ್ಡುಗಳಿಗೆ, ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ, ರಿಸರ್ವ್ ಬ್ಯಾಂಕ್ ಹಾಕಿರುವ ಮಿತಿ ಶೇ 0.40. ಐದು ಸಾವಿರಕ್ಕೆ 20 ರೂಪಾಯಿ! ಕ್ರೆಡಿಟ್ ಕಾರ್ಡಿಗೆ ಹೆಚ್ಚು ಕೊಡುತ್ತೇನೆ, ಒಪ್ಪುತ್ತೇನೆ. ಬಾರದೇ ಹೋದ ಬಾಕಿಯ ಮುಂದೆ ಅದು ನನಗೆ ಭಾರವಲ್ಲ. ಹೊಸ ಹೊಲಿಗೆ ಯಂತ್ರಕ್ಕೆ ಸಾಲ ಕೇಳಲು ಹೋದಾಗ ಪಾಸ್‌ಬುಕ್ಕೇ ನನ್ನ ಪರವಾಗಿ ಮಾತಾಡಿತು.

ವಿರೋಧ

ನನ್ನದು ನೋಟ್‌ಬುಕ್, ಪೆನ್ನು ಮಾರುವ ಅಂಗಡಿ. ಡೆಬಿಟ್ ಕಾರ್ಡ್ ಹಿಡಿದು ಬರುತ್ತಿದ್ದ ನನ್ನ ಗಿರಾಕಿಗಳೆಲ್ಲ ಯುಪಿಐಗೆ ಹೋದರು. ಅದಕ್ಕೆ ಗೋಡೆಗೆ ಅಂಟಿಸಿದ ಕ್ಯುಆರ್ ಚೀಟಿ ಸಾಕು, ಶುಲ್ಕವೂ ಇಲ್ಲ. ಇನ್ನು ಯಂತ್ರಕ್ಕೆ ಉಳಿದದ್ದು ಕ್ರೆಡಿಟ್ ಕಾರ್ಡ್. ಅದರ ಶುಲ್ಕಕ್ಕೆ ರಿಸರ್ವ್ ಬ್ಯಾಂಕಿನ ಮಿತಿಯಿಲ್ಲ. ಶೇ 2 ಎಂದು ಹಿಡಿಯಿರಿ. 5,000 ರೂಪಾಯಿಯ ಒಂದು ಬಿಲ್ಲಿಗೆ 100, ಅದರ ಮೇಲೆ ಜಿಎಸ್‌ಟಿ 18. ಅಷ್ಟು ಸಾಮಾನು ಮಾರಿದರೆ ನನಗೆ ಉಳಿಯುವುದು 500. ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೋಯಿತು. ಜಿಎಸ್‌ಟಿ ನೋಂದಣಿಯಿರುವ ದೊಡ್ಡ ಮಳಿಗೆ ಆ 18 ರೂಪಾಯಿಯನ್ನು ತಾನು ಕಟ್ಟುವ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತದೆ. ನೋಂದಣಿಯ ಮಿತಿಗಿಂತ ಕೆಳಗಿರುವ ನನಗೆ ಅದು ಹೋದದ್ದೇ. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಯಂತ್ರವನ್ನು ಬಾಡಿಗೆಗೆ ತಂದರೆ ಜೂನ್ ತಿಂಗಳ ನೂಕುನುಗ್ಗಲಿಗೂ, ಬಿಕೋ ಎನ್ನುವ ನವೆಂಬರಿಗೂ ಬಾಡಿಗೆ ಒಂದೇ. ಗಿರಾಕಿ ತನ್ನ ಬ್ಯಾಂಕಿಗೆ ತಕರಾರು ಬರೆದರೆ ಹಳೆಯ ಬಿಲ್ಲು ಹುಡುಕಲು ನಾನೇ ಕೂರಬೇಕು, ಅಷ್ಟು ಹೊತ್ತು ಅಂಗಡಿ ನೋಡುವವರಿಲ್ಲ.

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ನೋಟಿಸ್ ಕಳಿಸಿದಾಗ ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳು "ನಗದು ಮಾತ್ರ" ಎಂದು ಬರೆದು ಹಾಕಿದವು. ನನ್ನ ವಿರೋಧ ಆ ಬಗೆಯದಲ್ಲ. ಸರಕು ಮಾರುವವರಿಗಿರುವ 40 ಲಕ್ಷದ ನೋಂದಣಿ ಮಿತಿಯ ಲೆಕ್ಕದಲ್ಲಿ ನಗದೂ ಸೇರುತ್ತದೆ, ಅದನ್ನು ಬಚ್ಚಿಡುವುದು ತಪ್ಪು. ಲೆಕ್ಕ ಕೊಡಲು ನನ್ನ ತಕರಾರಿಲ್ಲ, ಕಾಲು ಭಾಗ ಕೊಡಲು ಇದೆ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡವರು ಅದೇ ಚೀಟಿಗೆ ಮೊಬೈಲ್ ಹಿಡಿಯಲಿ. ಸಣ್ಣ ವ್ಯಾಪಾರಿಗೆ 2,000 ರೂಪಾಯಿವರೆಗೆ ಅದಕ್ಕೂ ಶುಲ್ಕವಿಲ್ಲ.